ಬೆಂಚಿನ ಮುಂದೆ ಇಪ್ಪತ್ತು ಗಂಟೆ ಕೂರದೆ ಅಳೆಯುವುದು ಹೇಗೆ: ಲ್ಯಾನ್ ಕೇಬಲ್ಲಿನಲ್ಲಿ ಟೆಸ್ಟ್ ಉಪಕರಣಗಳ ನಿಯಂತ್ರಣ

ಯುಪಿಎಸ್ ಒಳಗಿನ ಆ ಚಿಕ್ಕ ಬ್ಯಾಟರಿಯನ್ನು ನೀವು ನೋಡಿರುತ್ತೀರಿ. ಮೇಲೆ 12 ವೋಲ್ಟ್, 7 ಆಂಪಿಯರ್-ಅವರ್ ಎಂದು ಬರೆದಿರುತ್ತದೆ. ಈ 7ರ ಹಿಂದೆ ಒಂದು ಷರತ್ತು ಇದೆ. 0.35 ಆಂಪಿಯರ್ ಕರೆಂಟನ್ನು ಒಂದೇ ಸಮನೆ ಎಳೆದರೆ, ವೋಲ್ಟೇಜ್ 10.5ಕ್ಕೆ ಇಳಿಯಲು 20 ಗಂಟೆ ಬೇಕು. ಆಗಷ್ಟೇ ಅದು 7 ಆಂಪಿಯರ್-ಅವರ್ ಬ್ಯಾಟರಿ. ಹಳೆಯ ಬ್ಯಾಟರಿಯಲ್ಲಿ ಇನ್ನೂ ಎಷ್ಟು ಜೀವ ಉಳಿದಿದೆ ಎಂದು ಸರಿಯಾಗಿ ತಿಳಿಯಬೇಕಾದರೆ ಈ ಪರೀಕ್ಷೆಯನ್ನೇ ಮಾಡಬೇಕು. ಹತ್ತು ಸೆಕೆಂಡಿಗೆ ಒಂದರಂತೆ ಬರೆದುಕೊಂಡರೂ 7200 ರೀಡಿಂಗ್ ಆಗುತ್ತವೆ. ಇದು ಮನುಷ್ಯರು ಕೂತು ಮಾಡುವ ಕೆಲಸವಲ್ಲ.

ಒಳ್ಳೆಯ ಮಲ್ಟಿಮೀಟರ್, ಪವರ್ ಸಪ್ಲೈ, ಎಲೆಕ್ಟ್ರಾನಿಕ್ ಲೋಡ್ (ಹೇಳಿದಷ್ಟು ಕರೆಂಟ್ ಎಳೆಯುವ ಉಪಕರಣ), ಸ್ಕೋಪ್ (ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್) ಇವುಗಳ ಬೆನ್ನಿನಲ್ಲಿ ಲ್ಯಾನ್ ಪೋರ್ಟ್ ಇರುವುದು ಇಂಥ ಕೆಲಸಕ್ಕೇ. ಎಷ್ಟೋ ಲ್ಯಾಬುಗಳಲ್ಲಿ ಆ ಪೋರ್ಟಿಗೆ ಇನ್ನೂ ಧೂಳಿನ ಮುಚ್ಚಳ ಹಾಗೇ ಇದೆ. ಅದನ್ನು ತೆಗೆಯುವಲ್ಲಿಂದ ಶುರು ಮಾಡಿ, ಬ್ಯಾಟರಿ ಪರೀಕ್ಷೆಯನ್ನು ರಾತ್ರಿ ಬಿಟ್ಟು ಹೋಗುವ ತನಕ ಏನೇನು ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ.

ಒಂದು ಸೂಚನೆ. ಉಪಕರಣಕ್ಕೆ ಕಳಿಸುವ ಆಜ್ಞೆಗಳನ್ನು ಓದಲು ಅನುಕೂಲವಾಗಲಿ ಎಂದು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ನಡುವಿನ ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ ಚಿಹ್ನೆ ಇವನ್ನು ಇದ್ದ ಹಾಗೇ ಹಾಕಿ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಕೇಬಲ್ ಚುಚ್ಚುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಮಧ್ಯರಾತ್ರಿ ಸಂಪರ್ಕ ಕಡಿದುಹೋದರೆ ಬೆಂಚಿನ ಮೇಲೆ ಏನಾಗಬೇಕು?

ನನಗೆ ಈ ಪ್ರಶ್ನೆ ಕಲಿಸಿದ್ದು ಇದೇ ಬ್ಯಾಟರಿ ಪರೀಕ್ಷೆ. ವೋಲ್ಟೇಜ್ 10.5ಕ್ಕೆ ಇಳಿದ ಕೂಡಲೇ ಲೋಡ್ ಆಫ್ ಮಾಡು ಎಂದು ಕಂಪ್ಯೂಟರಿನ ಸ್ಕ್ರಿಪ್ಟಿನಲ್ಲಿ (ಚಿಕ್ಕ ಪ್ರೋಗ್ರಾಮಿನಲ್ಲಿ) ಬರೆದು ಮನೆಗೆ ಹೋಗಿದ್ದೆ. ರಾತ್ರಿ ಕರೆಂಟ್ ಹೋಗಿ ಬಂತು. ಲೋಡ್ ಮತ್ತು ಕಂಪ್ಯೂಟರ್ ಯುಪಿಎಸ್ ಮೇಲಿದ್ದವು, ರೂಟರ್ ಇರಲಿಲ್ಲ. ರೂಟರ್ ಮತ್ತೆ ಎದ್ದಾಗ ಲೋಡಿಗೆ ಬೇರೆ ವಿಳಾಸ ಕೊಟ್ಟಿತ್ತು. ಸ್ಕ್ರಿಪ್ಟ್ ಹಳೆಯ ವಿಳಾಸವನ್ನೇ ಹುಡುಕುತ್ತಾ ನಿಂತಿತು. ಲೋಡ್ ಮಾತ್ರ ತನಗೆ ಹೇಳಿದ 0.35 ಆಂಪಿಯರನ್ನು ಬೆಳಗಿನ ತನಕ ಎಳೆಯುತ್ತಲೇ ಇತ್ತು. ಬ್ಯಾಟರಿ ಆಮೇಲೆ ಚಾರ್ಜ್ ಹಿಡಿಯಲೇ ಇಲ್ಲ.

ಅಲ್ಲಿ ಉಪಕರಣದ ತಪ್ಪಿರಲಿಲ್ಲ, ನೆಟ್‌ವರ್ಕಿನ ತಪ್ಪೂ ಇರಲಿಲ್ಲ. ನಿಲ್ಲಿಸುವ ಕೆಲಸವನ್ನು ನಾನು ಕಂಪ್ಯೂಟರಿಗೆ ಕೊಟ್ಟಿದ್ದೆ. ಅದನ್ನು ಲೋಡಿಗೇ ಕೊಡಬೇಕಿತ್ತು. ಬ್ಯಾಟರಿ ಟೆಸ್ಟ್ ಮೋಡ್ ಇರುವ ಲೋಡುಗಳಲ್ಲಿ ಕಟ್-ಆಫ್ ವೋಲ್ಟೇಜನ್ನು ಉಪಕರಣದ ಒಳಗೇ ಹಾಕಬಹುದು. ಪವರ್ ಸಪ್ಲೈಗಳಲ್ಲಿ ಓವರ್ ವೋಲ್ಟೇಜ್, ಓವರ್ ಕರೆಂಟ್ ರಕ್ಷಣೆ ಇರುತ್ತದೆ. ಈ ಮಿತಿಗಳನ್ನು ಮೊದಲು ಹಾಕಿ, ಆಮೇಲೆ ಔಟ್‌ಪುಟ್ ಆನ್ ಮಾಡಿ. ಹೀಗಿದ್ದರೆ ಕಂಪ್ಯೂಟರ್ ಸತ್ತರೂ ಲೋಡ್ ತಾನೇ ನಿಲ್ಲುತ್ತದೆ. ಕಂಪ್ಯೂಟರಿಗೆ ಉಳಿಯುವುದು ನೋಡಿ ಬರೆದುಕೊಳ್ಳುವ ಕೆಲಸ ಮಾತ್ರ.

ಇನ್ನೊಂದು ಸೆಟ್ಟಿಂಗ್ ಇದೆ. ಕರೆಂಟ್ ಹೋಗಿ ಬಂದಾಗ ಪವರ್ ಸಪ್ಲೈ ಯಾವ ಸ್ಥಿತಿಯಲ್ಲಿ ಏಳಬೇಕು ಎಂಬುದು. ಕೆಲವು ಹಿಂದಿನ ಸ್ಥಿತಿಗೇ ಮರಳುತ್ತವೆ, ಅಂದರೆ ಔಟ್‌ಪುಟ್ ಆನ್ ಆಗಿಯೇ ಏಳಬಹುದು. ಮೆನುವಿನಲ್ಲಿ ಹುಡುಕಿ, ಆಫ್ ಆಗಿ ಏಳುವಂತೆ ಮಾಡಿಡಿ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಹೊಸದೇನಲ್ಲ ಅಲ್ವಾ, ಇದನ್ನು ಬಿಡಲೇಬೇಡಿ. ಲಿಥಿಯಂ ಬ್ಯಾಟರಿಗಳ ಚಾರ್ಜಿಂಗ್ ಪರೀಕ್ಷೆಯನ್ನು ಮಾತ್ರ ಯಾರೂ ಇಲ್ಲದ ಕೋಣೆಯಲ್ಲಿ ಬಿಟ್ಟು ಹೋಗಬೇಡಿ. ಎಷ್ಟು ಒಳ್ಳೆಯ ಸ್ಕ್ರಿಪ್ಟ್ ಬರೆದಿದ್ದರೂ ಬೇಡ.

ವಿಳಾಸ ಕೊಡುವುದು

ಉಪಕರಣ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಸ್ವಿಚ್ಚಿಗೆ ಅಥವಾ ರೂಟರಿಗೆ ಕೇಬಲ್ಲಿನಲ್ಲಿ ಸೇರಿಸಿ. ಬೆಂಚಿನ ಕೆಲಸಕ್ಕೆ ವೈಫೈ ಬೇಡ. ರಾತ್ರಿಯಿಡೀ ಕಡಿಯದೆ ನಿಲ್ಲುವ ಭರವಸೆ ಕೇಬಲ್ಲಿಗೇ ಜಾಸ್ತಿ.

ಉಪಕರಣದ ಮೆನುವಿನಲ್ಲಿ ಲ್ಯಾನ್ ಸೆಟ್ಟಿಂಗ್ ತೆರೆಯಿರಿ. ಸಾಮಾನ್ಯವಾಗಿ ಡಿಎಚ್‌ಸಿಪಿ ಆನ್ ಇರುತ್ತದೆ, ರೂಟರ್ ತಾನೇ ವಿಳಾಸ ಕೊಡುತ್ತದೆ. ಆ ವಿಳಾಸ ಯಾವಾಗ ಬೇಕಾದರೂ ಬದಲಾಗಬಹುದು. ಅದನ್ನು ತಪ್ಪಿಸಲು ಎರಡು ದಾರಿ ಇವೆ. ರೂಟರಿನಲ್ಲಿ ಉಪಕರಣದ ಮ್ಯಾಕ್ ವಿಳಾಸಕ್ಕೆ (ಅದರ ಲ್ಯಾನ್ ಪೋರ್ಟಿನ ಕಾಯಂ ಗುರುತಿನ ಸಂಖ್ಯೆಗೆ) ಒಂದು ಐಪಿ ವಿಳಾಸವನ್ನು ಕಾಯ್ದಿರಿಸಬಹುದು. ಇಲ್ಲವೇ ಉಪಕರಣದಲ್ಲೇ ಸ್ಥಿರ ವಿಳಾಸ ಹಾಕಬಹುದು. ಉದಾಹರಣೆಗೆ 192.168.1.50, ಸಬ್‌ನೆಟ್ ಮಾಸ್ಕ್ 255.255.255.0. ನಾನು ರೂಟರಿನಲ್ಲಿ ಕಾಯ್ದಿರಿಸುವುದನ್ನೇ ಮಾಡುತ್ತೇನೆ. ಎಲ್ಲ ಉಪಕರಣಗಳ ಪಟ್ಟಿ ಒಂದೇ ಕಡೆ ಸಿಗುತ್ತದೆ, ಎರಡಕ್ಕೆ ಒಂದೇ ವಿಳಾಸ ಬೀಳುವ ತೊಂದರೆಯೂ ಇಲ್ಲ. ವಿಳಾಸವನ್ನು ಚೀಟಿಯಲ್ಲಿ ಬರೆದು ಉಪಕರಣದ ಮುಂಭಾಗಕ್ಕೆ ಅಂಟಿಸಿ.

ರೂಟರ್ ಇಲ್ಲದಿದ್ದರೆ ಕಂಪ್ಯೂಟರಿನಿಂದ ಉಪಕರಣಕ್ಕೆ ನೇರವಾಗಿಯೇ ಕೇಬಲ್ ಹಾಕಬಹುದು. ಈಗಿನ ಕಂಪ್ಯೂಟರುಗಳಿಗೆ ಕ್ರಾಸ್‌ಓವರ್ ಕೇಬಲ್ ಬೇಕಿಲ್ಲ. ಸ್ವಲ್ಪ ಹೊತ್ತು ಕಾದರೆ ಎರಡೂ 169.254ರಿಂದ ಶುರುವಾಗುವ ವಿಳಾಸ ತೆಗೆದುಕೊಳ್ಳುತ್ತವೆ. ರೂಟರ್ ಇದ್ದೂ ಇಂಥ ವಿಳಾಸ ಕಂಡರೆ, ಉಪಕರಣಕ್ಕೆ ರೂಟರ್ ಸಿಕ್ಕಿಲ್ಲ ಎಂದರ್ಥ. ಕೇಬಲ್ ನೋಡಿ.

ಈಗ ಕಂಪ್ಯೂಟರಿನಿಂದ ಪಿಂಗ್ ಮಾಡಿ, ಅಂದರೆ ಆ ವಿಳಾಸ ಸಿಗುತ್ತದೆಯೇ ಎಂದು ಪಿಂಗ್ ಆಜ್ಞೆಯಿಂದ ನೋಡಿ. ಉತ್ತರ ಬಂದರೆ ಬ್ರೌಸರಿನಲ್ಲಿ ಅದೇ ವಿಳಾಸ ಹೊಡೆಯಿರಿ. ಎಲ್‌ಎಕ್ಸ್‌ಐ (ಲ್ಯಾನ್ ಮೂಲಕ ನಡೆಸುವ ಉಪಕರಣಗಳ ಪ್ರಮಾಣ) ಗುರುತು ಇರುವ ಉಪಕರಣಗಳು ತಮ್ಮದೇ ವೆಬ್ ಪುಟ ತೋರಿಸುತ್ತವೆ. ಹೆಸರು, ಮಾಡೆಲ್, ಸೀರಿಯಲ್ ನಂಬರ್ ಎಲ್ಲ ಅಲ್ಲಿರುತ್ತದೆ. ಕೆಲವದರಲ್ಲಿ ಪರದೆಯನ್ನೂ ನೋಡಬಹುದು. ಪಾಸ್‌ವರ್ಡ್ ಹಾಕುವ ಅವಕಾಶ ಇದ್ದರೆ ಈಗಲೇ ಹಾಕಿಬಿಡಿ.

ಮೊದಲ ಮಾತು

ಉಪಕರಣಗಳ ಭಾಷೆಯ ಹೆಸರು ಎಸ್‌ಸಿಪಿಐ. ಕೆಲಸ ಮಾಡುವವರು ಅದನ್ನು ‘ಸ್ಕಿಪಿ’ ಎನ್ನುತ್ತಾರೆ. 1990ರಲ್ಲಿ ಬಂದದ್ದು. ಸಾದಾ ಅಕ್ಷರಗಳಲ್ಲಿ ಒಂದು ಸಾಲು ಕಳಿಸಿದರೆ, ಸಾದಾ ಅಕ್ಷರಗಳಲ್ಲೇ ಉತ್ತರ ಬರುತ್ತದೆ. ಹಾಗಾಗಿ ಮೊದಲ ದಿನವೇ ಪ್ರೋಗ್ರಾಮಿಂಗ್ ಬೇಕಿಲ್ಲ. ಲಿನಕ್ಸಿನಲ್ಲಿ ನೆಟ್‌ಕ್ಯಾಟ್, ವಿಂಡೋಸಿನಲ್ಲಿ ಪುಟ್ಟಿ ಎಂಬ ಉಚಿತ ತಂತ್ರಾಂಶ ಸಾಕು. ಪುಟ್ಟಿಯಲ್ಲಿ ಸಂಪರ್ಕದ ಬಗೆಯನ್ನು ‘ರಾ’ ಎಂದು ಆರಿಸಿ.

ಯಾವ ಪೋರ್ಟ್ ನಂಬರ್ (ಒಂದೇ ವಿಳಾಸದಲ್ಲಿ ಯಾವ ಸೇವೆ ಬೇಕು ಎಂದು ಹೇಳುವ ಸಂಖ್ಯೆ)? ಜನ ಹೆಚ್ಚು ಎಡವುವುದು ಇಲ್ಲೇ. ಕೀಸೈಟ್, ರೋಡೆ ಅಂಡ್ ಶ್ವಾರ್ಜ್ ಮುಂತಾದ ಹಲವು ಕಂಪನಿಗಳ ಉಪಕರಣಗಳಲ್ಲಿ 5025. ರಿಗೋಲ್ ಸ್ಕೋಪುಗಳಲ್ಲಿ 5555. ಟೆಕ್ಟ್ರಾನಿಕ್ಸ್ ಸ್ಕೋಪುಗಳಲ್ಲಿ 4000. ನಿಮ್ಮದು ಬೇರೆಯಾಗಿದ್ದರೆ ಪ್ರೋಗ್ರಾಮಿಂಗ್ ಗೈಡ್ ತೆಗೆದು ನೋಡಿ. ಇದು ಯೂಸರ್ ಮ್ಯಾನುಯಲ್ ಅಲ್ಲ, ಬೇರೆಯದೇ ಪುಸ್ತಕ. ತಯಾರಕರ ತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಹತ್ತಿರ ಇಟ್ಟುಕೊಳ್ಳಿ, ದಿನಾ ಬೇಕಾಗುತ್ತದೆ.

ಸಂಪರ್ಕ ಆದ ಮೇಲೆ *ಐಡಿಎನ್? ಎಂದು ಹೊಡೆದು ಎಂಟರ್ ಒತ್ತಿ. ನೀನು ಯಾರು ಎಂದು ಕೇಳಿದ ಹಾಗೆ. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ, ಈ ನಾಲ್ಕನ್ನೂ ಕಾಮಾ ಹಾಕಿ ಒಂದೇ ಸಾಲಿನಲ್ಲಿ ಹೇಳುತ್ತದೆ. ಮೊದಲ ಸಲ ಆ ಸಾಲು ಪರದೆಯ ಮೇಲೆ ಮೂಡಿದಾಗ ಆಗುವ ಖುಷಿಯೇ ಬೇರೆ. ಎಷ್ಟು ವರ್ಷವಾದರೂ ಹೊಸ ಉಪಕರಣ ಬಂದ ದಿನ ನಾನು ಮೊದಲು ಇದನ್ನೇ ಮಾಡುತ್ತೇನೆ.

ಉತ್ತರ ಬಾರದಿದ್ದರೆ ಎರಡು ವಿಷಯ ನೋಡಿ. ಪೋರ್ಟ್ ನಂಬರ್ ಸರಿ ಇದೆಯೇ? ಸಾಲಿನ ಕೊನೆಯಲ್ಲಿ ನ್ಯೂಲೈನ್ (ಸಾಲು ಮುಗಿಯಿತು ಎನ್ನುವ ಗುರುತು) ಹೋಗುತ್ತಿದೆಯೇ? ನ್ಯೂಲೈನ್ ಬರುವ ತನಕ ಉಪಕರಣ ನಿಮ್ಮ ಮಾತು ಮುಗಿದಿಲ್ಲ ಎಂದೇ ಕಾಯುತ್ತಿರುತ್ತದೆ.

ಆಮೇಲೆ ಮಲ್ಟಿಮೀಟರಿಗೆ ಮೆಷರ್:ವೋಲ್ಟೇಜ್:ಡಿಸಿ? ಎಂದು ಕಳಿಸಿ. ವೋಲ್ಟೇಜ್ ಬರುತ್ತದೆ. ಸ್ಕಿಪಿಯಲ್ಲಿ ಪ್ರತಿ ಪದಕ್ಕೂ ಪೂರ್ಣ ರೂಪ, ಗಿಡ್ಡ ರೂಪ ಎಂದು ಎರಡೇ ಇವೆ. ಸಾಮಾನ್ಯವಾಗಿ ಇಂಗ್ಲಿಷ್ ಪದದ ಮೊದಲ ನಾಲ್ಕು ಅಕ್ಷರ ಗಿಡ್ಡ ರೂಪ. ನಾಲ್ಕನೆಯದು ಸ್ವರವಾದರೆ ಮೂರೇ. ನಡುವೆ ಎಲ್ಲೋ ಕತ್ತರಿಸಿದರೆ ಒಪ್ಪುವುದಿಲ್ಲ.

ಒಪ್ಪಲಿಲ್ಲ ಎಂದು ಗೊತ್ತಾಗುವುದು ಹೇಗೆ? ಸಿಸ್ಟಮ್:ಎರರ್? ಎಂದು ಕೇಳಿ. ತಪ್ಪುಗಳನ್ನು ಉಪಕರಣ ಸಾಲಾಗಿ ಇಟ್ಟುಕೊಂಡಿರುತ್ತದೆ, ಕೇಳಿದಾಗ ಒಂದೊಂದಾಗಿ ಕೊಡುತ್ತದೆ. -113 ಬಂದರೆ ಅಂಥ ಆಜ್ಞೆಯೇ ಇಲ್ಲ, ಅಂದರೆ ಕಾಗುಣಿತ ತಪ್ಪು. -222 ಬಂದರೆ ನೀವು ಕೊಟ್ಟ ಸಂಖ್ಯೆ ಮಿತಿಯ ಹೊರಗಿದೆ. -410 ಬಂದರೆ ಹಿಂದಿನ ಉತ್ತರ ಓದಿಕೊಳ್ಳದೆ ಇನ್ನೊಂದು ಆಜ್ಞೆ ಕಳಿಸಿದ್ದೀರಿ. ಸೊನ್ನೆ ಬರುವ ತನಕ ಕೇಳುತ್ತಾ ಹೋಗಿ. ಪ್ರತಿ ಸೆಟ್ಟಿಂಗ್ ಬದಲಿಸಿದ ಮೇಲೂ ಇದನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ ಮುಂದೆ ದಿನಗಟ್ಟಲೆ ತಲೆನೋವು ತಪ್ಪುತ್ತದೆ.

ಸ್ಕ್ರಿಪ್ಟ್ ಬರೆಯುವುದು

ಪೈಥಾನ್ ಹಾಕಿಕೊಂಡು ಅದಕ್ಕೆ ಪೈವೀಸಾ ಮತ್ತು ಪೈವೀಸಾ-ಪೈ ಎಂಬ ಎರಡು ಲೈಬ್ರರಿ ಸೇರಿಸಿ. ಎರಡೂ ಉಚಿತ. ಉಪಕರಣವನ್ನು ತೆರೆಯಲು ಒಂದು ವಿಳಾಸದ ಸಾಲು ಬೇಕು. ಅದರ ರೂಪ ಹೀಗೆ: ಟಿಸಿಪಿಐಪಿ::192.168.1.50::5025::ಸಾಕೆಟ್. ಹೀಗೆ ಸಾಕೆಟ್ ಮೂಲಕ, ಅಂದರೆ ನೇರವಾಗಿ ಪೋರ್ಟ್ ನಂಬರಿಗೆ ಹೋಗುವಾಗ ಓದುವ ಮತ್ತು ಬರೆಯುವ ಸಾಲಿನ ಕೊನೆಯ ಗುರುತು ನ್ಯೂಲೈನ್ ಎಂದು ನೀವೇ ಹೇಳಬೇಕು. ಹೇಳದಿದ್ದರೆ ಉತ್ತರ ಬಂದಿದ್ದರೂ ಪ್ರೋಗ್ರಾಂ ಕಾಯುತ್ತಾ ಕೂತು ಟೈಮ್‌ಔಟ್ ಎಂದು ನಿಲ್ಲುತ್ತದೆ.

ಪೈವೀಸಾ ತಾನಾಗಿ ಕಾಯುವುದು 2 ಸೆಕೆಂಡ್ ಮಾತ್ರ. ಒಂದು ವೋಲ್ಟೇಜ್ ರೀಡಿಂಗಿಗೆ ಅದು ಸಾಕು. ಉಪಕರಣದ ಸ್ವಯಂ ಪರೀಕ್ಷೆಗೆ ಸಾಲದು, ಸ್ಕೋಪಿನಿಂದ ದೊಡ್ಡ ಡೇಟಾ ತರುವುದಕ್ಕೂ ಸಾಲದು. ಅಂಥ ಕಡೆ ಟೈಮ್‌ಔಟನ್ನು 10 ಅಥವಾ 20 ಸೆಕೆಂಡಿಗೆ ಏರಿಸಿ. ಆಜ್ಞೆಗಳ ನಡುವೆ ಸುಮ್ನೆ ಅಂದಾಜಿನ ಮೇಲೆ ಅರ್ಧ ಸೆಕೆಂಡ್, ಒಂದು ಸೆಕೆಂಡ್ ನಿಲ್ಲಿಸುತ್ತಾ ಹೋಗಬೇಡಿ. *ಓಪಿಸಿ? ಎಂದು ಕೇಳಿ. ಹಿಂದಿನ ಕೆಲಸ ಮುಗಿದ ಮೇಲಷ್ಟೇ ಉಪಕರಣ 1 ಎಂದು ಉತ್ತರಿಸುತ್ತದೆ.

ಬ್ಯಾಟರಿ ಪರೀಕ್ಷೆಯ ಸ್ಕ್ರಿಪ್ಟಿನ ಕ್ರಮ ಇದು. ಮೊದಲು *ಆರ್‌ಎಸ್‌ಟಿ ಕಳಿಸಿ ಉಪಕರಣವನ್ನು ಗೊತ್ತಿರುವ ಸ್ಥಿತಿಗೆ ತನ್ನಿ. ನಿನ್ನೆ ಯಾರೋ ಬದಲಿಸಿದ ಸೆಟ್ಟಿಂಗ್ ಇಂದು ನಿಮ್ಮನ್ನು ಕಾಡಬಾರದು. *ಸಿಎಲ್‌ಎಸ್ ಕಳಿಸಿ ಹಳೆಯ ತಪ್ಪುಗಳ ಸಾಲನ್ನು ಖಾಲಿ ಮಾಡಿ. ಲೋಡಿನಲ್ಲಿ ಕಟ್-ಆಫ್ 10.5 ವೋಲ್ಟ್ ಹಾಕಿ, ಕರೆಂಟ್ 0.35 ಹಾಕಿ. ಹಾಕಿದ್ದನ್ನು ಪ್ರಶ್ನೆ ಚಿಹ್ನೆ ಸೇರಿಸಿ ವಾಪಸ್ ಕೇಳಿ ನೋಡಿ. ಎರಡೂ ಸರಿ ಇದ್ದರೆ ಮಾತ್ರ ಲೋಡ್ ಆನ್ ಮಾಡಿ.

ಮೀಟರಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಮೆಷರ್ ಆಜ್ಞೆ ಪ್ರತಿ ಸಲವೂ ಮೀಟರನ್ನು ಹೊಸದಾಗಿ ಹೊಂದಿಸಿ ಆಮೇಲೆ ಅಳೆಯುತ್ತದೆ. ನೀವು ಹಾಕಿದ್ದ ಬೇರೆ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಪದೇ ಪದೇ ಅಳೆಯುವಾಗ ಶುರುವಿನಲ್ಲಿ ಒಮ್ಮೆ ಕಾನ್ಫಿಗರ್:ವೋಲ್ಟೇಜ್:ಡಿಸಿ ಕಳಿಸಿ, ಆಮೇಲೆ ಪ್ರತಿ ಸಲ ರೀಡ್? ಮಾತ್ರ ಕೇಳಿ. ಅಳೆಯುವ ಅವಧಿಯನ್ನು ಮೀಟರಿನಲ್ಲಿ ಪವರ್ ಲೈನ್ ಸೈಕಲ್ ಲೆಕ್ಕದಲ್ಲಿ ಹಾಕುತ್ತಾರೆ. ನಮ್ಮದು 50 ಹರ್ಟ್ಜ್, ಹಾಗಾಗಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಪೂರ್ಣ ಸೈಕಲ್ ಲೆಕ್ಕದಲ್ಲಿ ಅಳೆದರೆ ಮೈನ್ಸಿನಿಂದ ನುಸುಳುವ ಗುಂಯ್‌ಗಾಟ ತಾನಾಗಿ ಕಳೆದುಹೋಗುತ್ತದೆ. ಬ್ಯಾಟರಿಗೆ 10 ಸೈಕಲ್ ಹಾಕಿ. ಆತುರ ಏನೂ ಇಲ್ಲ.

ರೀಡಿಂಗ್ ಬಂದ ಕೂಡಲೇ ಸಮಯದ ಜೊತೆ ಫೈಲಿಗೆ ಬರೆದು, ಬರೆದದ್ದು ಡಿಸ್ಕಿಗೆ ಹೋಗುವಂತೆ ಫ್ಲಶ್ ಮಾಡಿ. ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಂಡು ಕೊನೆಗೆ ಬರೆಯುವ ಸ್ಕ್ರಿಪ್ಟ್, ಹತ್ತೊಂಬತ್ತನೇ ಗಂಟೆಯಲ್ಲಿ ನಿಂತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಓದಲು ಆಗದಿದ್ದರೆ ಸಂಪರ್ಕವನ್ನು ಮುಚ್ಚಿ, ಸ್ವಲ್ಪ ಕಾದು, ಮತ್ತೆ ತೆರೆಯುವಂತೆ ಬರೆಯಿರಿ. ಮತ್ತೆ ತೆರೆದಾಗ *ಆರ್‌ಎಸ್‌ಟಿ ಕಳಿಸಬೇಡಿ. ನಡೆಯುತ್ತಿರುವ ಪರೀಕ್ಷೆ ಅಲ್ಲೇ ನಿಂತುಬಿಡುತ್ತದೆ.

9.9ರ ಜೊತೆ ಇ37 (ಅಂದರೆ ಗುಣಿಸು 10ರ 37ನೇ ಘಾತ) ಎಂದು ಬಂದರೆ ಗಾಬರಿಯಾಗಬೇಡಿ. ಅಳತೆ ಮಿತಿ ಮೀರಿದೆ ಅಥವಾ ಅಳೆಯಲು ಆಗಲಿಲ್ಲ ಎನ್ನಲು ಉಪಕರಣ ಬಳಸುವ ಸಂಖ್ಯೆ ಅದು. ಸ್ಕ್ರಿಪ್ಟಿನಲ್ಲಿ ಅದನ್ನು ಗುರುತಿಸಿ ಬೇರೆ ಇಡಿ. ಇಲ್ಲದಿದ್ದರೆ ಸರಾಸರಿ ತೆಗೆಯುವಾಗ ಆ ಒಂದೇ ಸಂಖ್ಯೆ ಎಲ್ಲವನ್ನೂ ಕೆಡಿಸುತ್ತದೆ.

ಬೆಳಗ್ಗೆ ಫೈಲ್ ತೆರೆದು ನೋಡಿ. ವೋಲ್ಟೇಜ್ 13 ಗಂಟೆಯಲ್ಲಿ 10.5 ಮುಟ್ಟಿದ್ದರೆ 0.35 ಗುಣಿಸು 13, ಅಂದರೆ 4.55 ಆಂಪಿಯರ್-ಅವರ್. 7ರಲ್ಲಿ ಶೇಕಡಾ 65. ಬ್ಯಾಟರಿ ಬದಲಿಸಬೇಕೇ ಬೇಡವೇ ಎಂದು ಈಗ ಲೆಕ್ಕದ ಮೇಲೆ ಹೇಳಬಹುದು.

ಸ್ಕೋಪಿನಿಂದ ಚಿತ್ರ, ಅಲೆ ತರುವುದು

ಇಲ್ಲಿ ಬರುವುದು ಅಕ್ಷರಗಳಲ್ಲ, ಬೈನರಿ ಡೇಟಾ. ಅದನ್ನು ಸಾಲು ಓದುವ ಹಾಗೆ ಓದಿದರೆ ಅರ್ಧಕ್ಕೇ ನಿಲ್ಲುತ್ತದೆ. ಯಾಕೆಂದರೆ ಡೇಟಾದ ಒಳಗೂ 10 ಎಂಬ ಬೈಟ್ ಬರಬಹುದು, ನ್ಯೂಲೈನಿನ ಬೆಲೆಯೂ 10.

ಕಾಲೇಜು ಲ್ಯಾಬುಗಳಲ್ಲೂ ಹವ್ಯಾಸಿಗಳ ಮನೆಗಳಲ್ಲೂ ಕಾಣುವ ರಿಗೋಲ್ ಡಿಎಸ್1054ಝಡ್ ಸ್ಕೋಪನ್ನೇ ತೆಗೆದುಕೊಳ್ಳಿ. ಪರದೆಯ ಚಿತ್ರ ಬೇಕಾದರೆ :ಡಿಸ್‌ಪ್ಲೇ:ಡೇಟಾ? ಎಂದು ಕೇಳಬೇಕು. ಉತ್ತರದ ಮೊದಲ 11 ಬೈಟ್ ಚಿತ್ರದ್ದಲ್ಲ. ಮೊದಲು ಹ್ಯಾಶ್ ಗುರುತು, ಆಮೇಲೆ 9, ಆಮೇಲೆ ಡೇಟಾ ಎಷ್ಟಿದೆ ಎಂದು ಹೇಳುವ ಒಂಬತ್ತು ಅಂಕಿ. ಈ 11 ಬಿಟ್ಟು, ಹೇಳಿದಷ್ಟು ಬೈಟ್ ಓದಿ ಫೈಲಿಗೆ ಹಾಕಿದರೆ ಚಿತ್ರ ಸಿದ್ಧ. ಪೈವೀಸಾದಲ್ಲಿ ಬೈನರಿ ಓದಲು ಬೇರೆ ಫಂಕ್ಷನ್ ಇದೆ, ಅದು ಈ ತಲೆಪಟ್ಟಿಯನ್ನು ತಾನೇ ಬಿಡಿಸಿಕೊಳ್ಳುತ್ತದೆ. ಲಿನಕ್ಸ್ ಇದ್ದರೆ ಎಲ್‌ಎಕ್ಸ್‌ಐ-ಟೂಲ್ಸ್ ಎಂಬ ತಂತ್ರಾಂಶ ಒಂದೇ ಆಜ್ಞೆಯಲ್ಲಿ ಪರದೆಯ ಚಿತ್ರ ತಂದುಕೊಡುತ್ತದೆ. ಲ್ಯಾಬ್ ವರದಿಗೆ ಮೊಬೈಲಿನಲ್ಲಿ ಸ್ಕೋಪಿನ ಫೋಟೋ ತೆಗೆಯುವ ವಿದ್ಯಾರ್ಥಿಗಳಿಗೆ ಇದನ್ನೊಂದು ಕಲಿಸಿಕೊಟ್ಟರೂ ದೊಡ್ಡ ಉಪಕಾರ.

ಅಲೆಯ ಡೇಟಾ ಬೇಕಾದಾಗ ನಾರ್ಮಲ್ ಮೋಡಿನಲ್ಲಿ ಪರದೆಯ ಮೇಲಿನ 1200 ಪಾಯಿಂಟ್ ಬರುತ್ತವೆ. ಮೆಮೊರಿಯ ಪೂರ್ತಿ ಡೇಟಾ ಬೇಕಾದರೆ ಸ್ಕೋಪನ್ನು ನಿಲ್ಲಿಸಿ ರಾ ಮೋಡಿಗೆ ಹೋಗಬೇಕು. ಒಂದು ಸಲಕ್ಕೆ 2,50,000 ಪಾಯಿಂಟಿಗಿಂತ ಜಾಸ್ತಿ ಕೊಡುವುದಿಲ್ಲ. 1.2 ಕೋಟಿ ಪಾಯಿಂಟ್ ತರಲು 48 ಸಲ ಕೇಳಬೇಕು. ತಾಳ್ಮೆ ಬೇಕು, ಟೈಮ್‌ಔಟೂ ದೊಡ್ಡದಿರಬೇಕು.

ಮನೆಯಿಂದ ನೋಡುವುದು

ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹಾಕಿ 5025ನ್ನು ಇಂಟರ್ನೆಟ್ಟಿಗೆ ತೆರೆಯಬೇಡಿ. ಸ್ಕಿಪಿ ಸಾಕೆಟ್ಟಿಗೆ ಪಾಸ್‌ವರ್ಡ್ ಇಲ್ಲ, ಗೂಢಲಿಪಿಯೂ ಇಲ್ಲ. ಯಾರು ಸಂಪರ್ಕಿಸಿದರೂ ಅದು ಹೇಳಿದ್ದನ್ನು ಕೇಳುತ್ತದೆ. 30 ವೋಲ್ಟ್ ಕೊಡು ಎಂದರೆ ಕೊಡುತ್ತದೆ. ಹಳೆಯ ಸ್ಕೋಪುಗಳ ಒಳಗೆ ಹಳೆಯ ವಿಂಡೋಸ್ ಇರುವುದೂ ಉಂಟು. ಅವು ಹೊರಗಿನ ನೆಟ್‌ವರ್ಕಿಗೆ ಕಾಣಿಸಲೇಬಾರದು.

ಸರಿಯಾದ ದಾರಿ ಇದು. ಸ್ಕ್ರಿಪ್ಟ್ ಉಪಕರಣದ ಪಕ್ಕದಲ್ಲೇ ಓಡಲಿ. ಒಂದು ರಾಸ್ಪ್‌ಬೆರಿ ಪೈ (ಚಿಕ್ಕ ಕಂಪ್ಯೂಟರ್) ಸಾಕು. ಅದರ ಮೇಲೆ ಟಿಮಕ್ಸ್ ಒಳಗೆ ಸ್ಕ್ರಿಪ್ಟ್ ಶುರು ಮಾಡಿದರೆ ನೀವು ಹೊರಬಂದರೂ ಅದು ನಡೆಯುತ್ತಿರುತ್ತದೆ. ಮನೆಯಿಂದ ವೈರ್‌ಗಾರ್ಡ್‌ನಂಥ ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಹೋಗುವ ಖಾಸಗಿ, ಗೂಢಲಿಪಿಯ ದಾರಿ) ಮೂಲಕ ಆ ಪೈಗೆ ಬನ್ನಿ, ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ), ಫೈಲ್ ನೋಡಿ. ಮನೆಯ ಇಂಟರ್ನೆಟ್ ಹೋದರೂ ಅಳತೆ ನಿಲ್ಲುವುದಿಲ್ಲ. ನಮ್ಮ ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಸ್ವಂತ ಪಬ್ಲಿಕ್ ಐಪಿ ಸಿಗುವುದಿಲ್ಲ. ಅಂಥ ಕಡೆ ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ ಬಳಸಿದರೆ ರೂಟರ್ ಮುಟ್ಟದೆಯೇ ಕೆಲಸವಾಗುತ್ತದೆ. ಕಾಲೇಜು ಅಥವಾ ಕಂಪನಿಯ ನೆಟ್‌ವರ್ಕ್ ಆದರೆ ಐಟಿ ವಿಭಾಗದವರನ್ನು ಮೊದಲೇ ಕೇಳಿ.

ಬೆಂಚಿನ ಮೇಲೆ ಚೀಟಿ ಇಡುವುದನ್ನು ಮರೆಯಬೇಡಿ: ‘ಪರೀಕ್ಷೆ ನಡೆಯುತ್ತಿದೆ, ಆಫ್ ಮಾಡಬೇಡಿ’ ಎಂದು ಬರೆದು, ಕೆಳಗೆ ನಿಮ್ಮ ಹೆಸರು ಮತ್ತು ಫೋನ್ ನಂಬರ್ ಹಾಕಿ. ಪರದೆಯಲ್ಲಿ ರಿಮೋಟ್ ಎಂದು ಬರೆದಿದ್ದರೂ ಯಾರಾದರೂ ಲೋಕಲ್ ಬಟನ್ ಒತ್ತಿ ಸೆಟ್ಟಿಂಗ್ ಬದಲಿಸಬಹುದು. ಅವರ ತಪ್ಪೂ ಅಲ್ಲ, ಅವರಿಗೆ ಗೊತ್ತಿರುವುದಿಲ್ಲ.

ಲ್ಯಾನ್ ಪೋರ್ಟ್ ಇಲ್ಲದ ಹಳೆಯ ಉಪಕರಣಗಳು

ಎಸೆಯಬೇಡಿ. ಹಿಂಭಾಗದಲ್ಲಿ 24 ಪಿನ್ನಿನ ಅಗಲ ಕನೆಕ್ಟರ್ ಇದ್ದರೆ ಅದು ಜಿಪಿಐಬಿ, ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಪದ್ಧತಿ. ಎಚ್‌ಪಿ ಕಂಪನಿ ರೂಪಿಸಿದ್ದು, 1975ರಲ್ಲಿ ಐಇಇಇ 488 ಎಂಬ ಪ್ರಮಾಣವಾಯಿತು. ಒಂದು ಬಸ್ಸಿನಲ್ಲಿ (ಎಲ್ಲ ಉಪಕರಣಗಳೂ ಹಂಚಿಕೊಳ್ಳುವ ತಂತಿಗಳ ಸಾಲಿನಲ್ಲಿ) 15 ಉಪಕರಣ, ಒಟ್ಟು 20 ಮೀಟರ್ ಕೇಬಲ್, ಅದರ ಮಿತಿ ಅಷ್ಟು. ಪ್ರೊಲಾಜಿಕ್ಸ್ ತಯಾರಿಸಿದ ಜಿಪಿಐಬಿ-ಈಥರ್ನೆಟ್ ಪೆಟ್ಟಿಗೆ ಇದನ್ನು ಲ್ಯಾನಿಗೆ ಸೇರಿಸುತ್ತದೆ. ಅದು 1234ನೇ ಪೋರ್ಟಿನಲ್ಲಿ ಮಾತು ಕೇಳುತ್ತದೆ. ಎರಡು ಪ್ಲಸ್ ಚಿಹ್ನೆಯಿಂದ ಶುರುವಾಗುವ ಆಜ್ಞೆಗಳು ಪೆಟ್ಟಿಗೆಗೆ, ಉಳಿದವೆಲ್ಲ ಉಪಕರಣಕ್ಕೆ. ಎಚ್‌ಪಿ 34401ಎ ಮಲ್ಟಿಮೀಟರ್ ಇದ್ದರೆ ಪೆಟ್ಟಿಗೆಗೆ ++ಅಡ್ರ್ 22 ಎಂದು ಹೇಳಿ. ಆ ಆಜ್ಞೆಯನ್ನು ಇಂಗ್ಲಿಷಿನ ಎ, ಡಿ, ಡಿ, ಆರ್ ಅಕ್ಷರಗಳಲ್ಲಿ ಹೊಡೆಯಬೇಕು. ಕಾರ್ಖಾನೆಯಿಂದ ಬರುವಾಗ ಅದರ ಜಿಪಿಐಬಿ ವಿಳಾಸ 22. ಆಮೇಲೆ *ಐಡಿಎನ್? ಕೇಳಿ. ಮೂವತ್ತು ವರ್ಷದಷ್ಟು ಹಳೆಯ ಮೀಟರೂ ತನ್ನ ಹೆಸರು ಹೇಳುತ್ತದೆ.